ಬಣ್ಣದ ಪಟ್ಟಿ ಸಾಕು, ಒಂದು ಖಾಲಿ ಅಂಕಣ ಕೊಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಿದ್ಯಾರ್ಥಿ ಪುರವಣಿಯಲ್ಲಿ ಅಯಾನುಗಳ, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳ, ಬಣ್ಣದ ಪಟ್ಟಿಯೊಂದು ಅರ್ಧ ಪುಟ ತುಂಬಿಕೊಂಡು ಅಚ್ಚಾಗಿತ್ತು. ಎಡಕ್ಕೆ ಅಯಾನು, ಬಲಕ್ಕೆ ಬಣ್ಣ, ನೆತ್ತಿಯ ಮೇಲೆ ‘ಬಾಯಿಪಾಠ ಮಾಡಿ, ಅಂಕ ಗಳಿಸಿ’ ಎಂಬ ಉಪದೇಶ. ದ್ವಿತೀಯ ಪಿಯುಸಿಯಲ್ಲಿರುವ ನನ್ನ ಮೊಮ್ಮಗಳು ಅದನ್ನು ಕತ್ತರಿಸಿ ಕನ್ನಡಿಯ ಪಕ್ಕ ಅಂಟಿಸಿಕೊಂಡಿದ್ದಾಳೆ. ಹಲ್ಲುಜ್ಜುವಾಗ ಒಂದು ಸುತ್ತು, ಜಡೆ ಹೆಣೆಯುವಾಗ ಇನ್ನೊಂದು ಸುತ್ತು. ಮೊನ್ನೆ ಸಂಜೆ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, “ಅಜ್ಜಿ, ನೀವು ಕೇಳಿ, ನಾನು ಹೇಳುತ್ತೇನೆ” ಎಂದಳು. ಕೇಳಿದೆ. ಒಂದೂ ತಪ್ಪಿಲ್ಲದೆ ಒಪ್ಪಿಸಿದಳು. ಕೊನೆಗೆ, “ತಾಮ್ರ ನೀಲಿ ಅಂದೆ, ಸರಿ. ಅದರ ಪಕ್ಕದ ಮನೆಯ ಸತುವಿಗೆ ಯಾಕೆ ಬಣ್ಣವಿಲ್ಲ?” ಎಂದು ಕೇಳಿದೆ. “ಯಾಕೆ ಅಂತ ಕೇಳುವುದಿಲ್ಲ ಅಜ್ಜಿ, ಬಣ್ಣ ಮಾತ್ರ ಕೇಳುತ್ತಾರೆ” ಎಂದಳು.

ಆ ಉತ್ತರಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ಪಟ್ಟಿಯಲ್ಲಿ ತಪ್ಪಿದೆ ಎಂಬ ದೂರೂ ನನ್ನದಿದೆ, ಅದನ್ನು ಮುಂದೆ ಹೇಳುತ್ತೇನೆ.

ನಾನು ಮೇಷ್ಟರಲ್ಲ. ಉಡುಪಿಯ ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ 31 ವರ್ಷ ಸಹಾಯಕಿಯಾಗಿದ್ದೆ. ಅಟೆಂಡರ್ ಎಂದರೂ ನನಗೆ ಬೇಸರವಿಲ್ಲ, ಎಲ್ಲರೂ ಹಾಗೆಯೇ ಹೇಳುತ್ತಿದ್ದರು. ಓದಿದ್ದು ಎಸ್ಸೆಸ್ಸೆಲ್ಸಿ. ಬೆಳಿಗ್ಗೆ ದ್ರಾವಣ ತಯಾರಿಸಿ ಸೀಸೆಗೆ ತುಂಬುವುದು, ಸಂಜೆ ಟೆಸ್ಟ್ ಟ್ಯೂಬ್ ತೊಳೆಯುವುದು. ಟೆಸ್ಟ್ ಟ್ಯೂಬ್ ತೊಳೆಯುವವರು ಕಂಡಷ್ಟು ಬಣ್ಣವನ್ನು ಪುಸ್ತಕ ಬರೆದವರೂ ಕಂಡಿರಲಾರರು. ಪುಸ್ತಕದಲ್ಲಿ ಒಂದು ಅಯಾನಿಗೆ ಒಂದು ಬಣ್ಣ. ನನ್ನ ತೊಟ್ಟಿಯಲ್ಲಿ ಕ್ರೋಮಿಯಂ ಒಂದೇ ನೇರಳೆ, ಹಸಿರು, ಹಳದಿ, ಕಿತ್ತಳೆ ಎಂದು ನಾಲ್ಕು ವೇಷದಲ್ಲಿ ಬರುತ್ತಿತ್ತು.

ಅದರಲ್ಲಿ ಒಂದು ವೇಷವನ್ನು ಹತ್ತಿರದಿಂದ ತೋರಿಸುತ್ತೇನೆ. ಕ್ರೋಮ್ ಆಲಂ ಎಂಬ ಹರಳು ಸೀಸೆಯಲ್ಲಿರುವಾಗ ಕಪ್ಪೇ ಅನ್ನಿಸುವಷ್ಟು ದಟ್ಟ ನೇರಳೆ. ಒಂದು ಹರಳನ್ನು ತಣ್ಣೀರಿನಲ್ಲಿ ಕರಗಿಸಿದರೆ ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ. ಅದೇ ಟ್ಯೂಬನ್ನು ಬಿಸಿನೀರಿನ ಬೀಕರಿನಲ್ಲಿ ಇಳಿಸಿ, ಕುದಿಸಬೇಕಾಗಿಲ್ಲ, ಸ್ವಲ್ಪ ಹೊತ್ತಿನಲ್ಲಿ ಹಸಿರಾಗುತ್ತದೆ. ಏನೂ ಬೆರೆಸಿಲ್ಲ, ಏನೂ ತೆಗೆದಿಲ್ಲ. ಕ್ರೋಮಿಯಂ ಅದೇ, ಅದರ ಮೇಲಿನ ವಿದ್ಯುದಂಶವೂ ಅದೇ ಮೂರು. ತಣ್ಣಗಿದ್ದಾಗ ಅದನ್ನು ಸುತ್ತುವರಿದಿದ್ದದ್ದು ಆರು ನೀರಿನ ಅಣುಗಳು. ಬಿಸಿಯಾದಾಗ ಅವುಗಳಲ್ಲಿ ಒಂದಿಷ್ಟು ಜಾಗ ಬಿಟ್ಟು, ಸಲ್ಫೇಟ್ ಒಳಗೆ ಬಂದು ಕೂರುತ್ತದೆ. ನೆರೆಮನೆ ಬದಲಾಯಿತು, ಬಣ್ಣವೂ ಬದಲಾಯಿತು. ನಿಮ್ಮ ಪಟ್ಟಿಯಲ್ಲಿ ಕ್ರೋಮಿಯಂ ಮುಂದೆ ‘ಹಸಿರು’ ಎಂದಷ್ಟೇ ಇದೆ. ಮಾಣಿಕ್ಯ ಕೆಂಪಾಗಿರುವುದೂ ಪಚ್ಚೆ ಹಸಿರಾಗಿರುವುದೂ ಇದೇ ಮೂರು ವಿದ್ಯುದಂಶದ ಕ್ರೋಮಿಯಂನಿಂದ. ಮಾಣಿಕ್ಯದಲ್ಲಿ ಸುತ್ತಲಿನ ಆಕ್ಸಿಜನ್‌ಗಳು ತುಸು ಬಿಗಿಯಾಗಿ ಅಮುಕಿಕೊಂಡಿವೆ, ಪಚ್ಚೆಯಲ್ಲಿ ತುಸು ಸಡಿಲ. ಇಷ್ಟೇ ವ್ಯತ್ಯಾಸಕ್ಕೆ ಒಂದು ಕೆಂಪು, ಒಂದು ಹಸಿರು.

ಹಾಗಾದರೆ ಬಣ್ಣವನ್ನು ಮೊದಲೇ ಊಹಿಸಿ ಹೇಳುವುದು ಸಾಧ್ಯವೇ ಇಲ್ಲವೇ? ಇದೆ. ಎಲ್ಲಿಯವರೆಗೆ ಇದೆ, ಎಲ್ಲಿ ಕೈಕೊಡುತ್ತದೆ ಎಂಬುದೇ ನೋಡಬೇಕಾದ ಸಂಗತಿ. ನನಗದು ಗೊತ್ತಾದದ್ದು ಒಂದು ಚೆನ್ನೆಮಣೆಯಿಂದ.

ಆಟಿ ತಿಂಗಳು. ಜಿಲ್ಲಾಧಿಕಾರಿಗಳು ಮಳೆ ರಜೆ ಘೋಷಿಸಿದ್ದರು. ಮಕ್ಕಳಿಗೆ ರಜೆ, ನಮಗಿಲ್ಲ. ಭೌತಶಾಸ್ತ್ರ ವಿಭಾಗದ ಅಟೆಂಡರ್ ಅಕ್ಕ ಮತ್ತು ನಾನು ಮಧ್ಯಾಹ್ನದ ಊಟ ಮುಗಿಸಿ, ನಾನು ಮನೆಯಿಂದ ತಂದಿದ್ದ ಚೆನ್ನೆಮಣೆಯಲ್ಲಿ ಮಂಜೊಟ್ಟಿ ಕಾಳು ಹಾಕಿ ಆಡುತ್ತಿದ್ದೆವು. ಘಟ್ಟದ ಮೇಲಿನಿಂದ ಹೊಸದಾಗಿ ಬಂದಿದ್ದ ಉಪನ್ಯಾಸಕರೊಬ್ಬರು ಅದನ್ನು ನೋಡಿ ನಿಂತರು. ಆ ಕಡೆ ಏಳು ಗುಂಡಿ, ಈ ಕಡೆ ಏಳು ಗುಂಡಿ. “ಇದನ್ನು ಹತ್ತು ನಿಮಿಷ ಕೊಡುತ್ತೀರಾ?” ಎಂದು ಕೇಳಿ ಮಣೆಯನ್ನು ತಮ್ಮತ್ತ ತಿರುಗಿಸಿಕೊಂಡರು. ಒಂದು ಸಾಲಿನಲ್ಲಿ ಎರಡು ಗುಂಡಿಗಳನ್ನು ಕಾಗದದಿಂದ ಮುಚ್ಚಿದರು. ಐದು ಉಳಿದವು.

“ಇದು ತಾಮ್ರ, ಕಬ್ಬಿಣ, ನಿಕಲ್‌ಗಳ ಹೊರಗಿನ ಮನೆ ಎಂದುಕೊಳ್ಳಿ. ಐದು ಗುಂಡಿ, ಒಂದೊಂದರಲ್ಲಿ ಎರಡಕ್ಕಿಂತ ಹೆಚ್ಚು ಕಾಳು ಹಿಡಿಯುವುದಿಲ್ಲ. ಕಾಳು ಎಂದರೆ ಎಲೆಕ್ಟ್ರಾನ್. ಒಂಟಿಯಾಗಿದ್ದರೆ ಐದು ಗುಂಡಿಗಳೂ ಒಂದೇ ಆಳ. ಆರು ದಿಕ್ಕಿನಿಂದ ನೀರು ಬಂದು ಒತ್ತಿದರೆ ಎರಡು ಗುಂಡಿ ಮೇಲಕ್ಕೆ ಏಳುತ್ತವೆ, ಮೂರು ತಗ್ಗುತ್ತವೆ.” ಹೀಗೆ ಹೇಳುತ್ತ ಎರಡು ಗುಂಡಿಗಳ ತಳಕ್ಕೆ ಪ್ರಯೋಗಾಲಯದ ಹತ್ತಿ ತುರುಕಿ ಎತ್ತರಿಸಿದರು. “ಈಗ ತಗ್ಗಿನ ಕಾಳು ಎತ್ತರದ ಗುಂಡಿಗೆ ಹಾರಬೇಕಾದರೆ ಬೆಳಕಿನಿಂದ ಅಷ್ಟು ಶಕ್ತಿಯನ್ನು ನುಂಗಬೇಕು. ನುಂಗಿದ ಬಣ್ಣ ಹೋಯಿತು. ಉಳಿದದ್ದು ನಮ್ಮ ಕಣ್ಣಿಗೆ.”

ನನಗೆ ಥಟ್ಟನೆ ಹೊಳೆದದ್ದು ಮಠದ ಊಟದ ಎಲೆ. ಎಲೆ ಎತ್ತುವವರು ಎಲೆಯಲ್ಲಿ ಉಳಿದದ್ದನ್ನು ನೋಡಿಯೇ ಉಂಡವರು ಏನು ತಿಂದರು ಎಂದು ಹೇಳಬಲ್ಲರು. ಬಣ್ಣವೂ ಎಲೆಯಲ್ಲಿ ಉಳಿದದ್ದೇ. ತಾಮ್ರದ ದ್ರಾವಣ ನೀಲಿ ಎಂದರೆ ಅದು ನೀಲಿಯನ್ನು ಮುಟ್ಟಿಲ್ಲ, ಕೆಂಪಿನ ಕಡೆಯದನ್ನು ಉಂಡಿದೆ.

ಆ ಮಧ್ಯಾಹ್ನ ನಾವು ಮೂವರು ಕಾಳು ಹಾಕುತ್ತ ಹೋದೆವು. ಸ್ಕ್ಯಾಂಡಿಯಂ ಅಯಾನಿನಲ್ಲಿ ಕಾಳೇ ಇಲ್ಲ, ಹಾರುವವರು ಯಾರು? ಬಣ್ಣವಿಲ್ಲ. ಸತುವಿನಲ್ಲಿ ಹತ್ತೂ ಕಾಳು, ಗುಂಡಿಗಳೆಲ್ಲ ಭರ್ತಿ, ಹಾರಿದರೂ ಕೂರಲು ಜಾಗವೆಲ್ಲಿ? ಬಣ್ಣವಿಲ್ಲ. ನನ್ನ ಮೊಮ್ಮಗಳಿಗೆ ‘ಕೇಳುವುದಿಲ್ಲ’ ಎನ್ನಿಸಿದ ಪ್ರಶ್ನೆಗೆ ಉತ್ತರ ಇಷ್ಟೇ. ಮೂರು ವಿದ್ಯುದಂಶದ ಟೈಟಾನಿಯಂನಲ್ಲಿ ಒಂದೇ ಕಾಳು, ಅದು ಹಸಿರಿನ ಆಸುಪಾಸನ್ನು, ಅಲೆಯ ಉದ್ದ ಸುಮಾರು 500 ನ್ಯಾನೊಮೀಟರ್ ಇರುವ ಬೆಳಕನ್ನು ನುಂಗುತ್ತದೆ. ಕೆಂಪೂ ನೀಲಿಯೂ ಉಳಿದು ನೇರಳೆ ಕಾಣುತ್ತದೆ. ತಾಮ್ರದಲ್ಲಿ ಒಂಬತ್ತು ಕಾಳು, ಖಾಲಿ ಇರುವುದು ಮೇಲಿನ ಗುಂಡಿಯಲ್ಲಿ ಒಂದೇ ಜಾಗ.

ಮುಚ್ಚಿದ ಎರಡು ಗುಂಡಿಗಳನ್ನು ಯಾಕೆ ಮುಚ್ಚಿದಿರಿ ಎಂದು ಭೌತಶಾಸ್ತ್ರದ ಅಕ್ಕ ಕೇಳಿದರು. ನಿಯೊಡೀಮಿಯಂನಂಥ ಧಾತುಗಳಿಗೆ ಏಳೂ ಬೇಕು, ಆ ಏಳು ಗುಂಡಿಗಳು ಮನೆಯ ಒಳಗಡೆ ಇರುವುದರಿಂದ ನೆರೆಯವರ ಒತ್ತಡ ಅವುಗಳಿಗೆ ಅಷ್ಟಾಗಿ ತಟ್ಟುವುದಿಲ್ಲ ಎಂದರು ಸರ್. ಬೇಸಾಯದ ಮನೆಯ ಮಣೆಯಲ್ಲಿ ಇಷ್ಟೆಲ್ಲ ಇತ್ತೆಂದು ಅದನ್ನು ಕೆತ್ತಿದವರಿಗೆ ಗೊತ್ತಿತ್ತೋ ಇಲ್ಲವೋ!

ಈ ಲೆಕ್ಕದ ಅಡಿಪಾಯ ಹಾಕಿದವರು ಭೌತವಿಜ್ಞಾನಿ ಹಾನ್ಸ್ ಬೆಥೆ, 1929ರಲ್ಲಿ. ಯಾವ ನೆರೆಯವರು ಎಷ್ಟು ಒತ್ತುತ್ತಾರೆ ಎಂಬ ಸಾಲನ್ನು 1938ರಲ್ಲಿ ಜಪಾನಿನ ತ್ಸುಚಿದ ಜೋಡಿಸಿದರು. ಅಯೊಡೈಡ್ ಮೆತ್ತನೆಯದು, ಆಮೇಲೆ ಕ್ಲೋರೈಡ್, ಅದಕ್ಕಿಂತ ನೀರು, ನೀರಿಗಿಂತ ಅಮೋನಿಯ, ಈ ಐದರಲ್ಲಿ ಎಲ್ಲಕ್ಕಿಂತ ಜೋರು ಸಯನೈಡ್. ಅಂದರೆ ನೀರಿನ ಜಾಗಕ್ಕೆ ಅಮೋನಿಯ ಬಂದರೆ ಗುಂಡಿಗೆ ಇನ್ನಷ್ಟು ಹತ್ತಿ ಬಿದ್ದ ಹಾಗೆ. ಎತ್ತರ ಹೆಚ್ಚಿದರೆ ಹಾರಲು ಹೆಚ್ಚು ಶಕ್ತಿಯ ಬೆಳಕು ಬೇಕು. ಕೆಂಪಿನ ಆಚೆ ತುದಿಯಲ್ಲಿ ಉಣ್ಣುತ್ತಿದ್ದ ತಾಮ್ರ ಕಿತ್ತಳೆಯತ್ತ ಸರಿಯುತ್ತದೆ, ತಿಳಿನೀಲಿ ಹೋಗಿ ಮಸಿಯಂಥ ಗಾಢನೀಲಿ ಬರುತ್ತದೆ. ಸರ್ ಅಷ್ಟು ಹೇಳಿ ನಿಲ್ಲಿಸಿ, “ಈಗ ಮಾಡಿ ನೋಡಿ” ಎಂದರು. ಅದೆಷ್ಟೋ ವರ್ಷಗಳಿಂದ ನಾನೇ ದಿನವೂ ಕಲಸಿಕೊಡುತ್ತಿದ್ದ ತಾಮ್ರ, ನಾನೇ ಮೂಗು ಮುಚ್ಚಿಕೊಂಡು ಸುರಿಯುತ್ತಿದ್ದ ಅಮೋನಿಯ. ಮೊದಲ ಹನಿಗಳಿಗೆ ಮೊಸರು ಒಡೆದ ಹಾಗೆ ತಿಳಿನೀಲಿ ಗಷ್ಟು, ಇನ್ನೂ ಹಾಕಿದರೆ ಗಷ್ಟು ಕರಗಿ ಗಾಢನೀಲಿ. ನೂರಾರು ಸಲ ಕಂಡಿದ್ದೆ. ಹೀಗೇ ಆಗಬೇಕು ಎಂದು ಮೊದಲೇ ಹೇಳಿ ಕಂಡದ್ದು ಅದೇ ಮೊದಲು. ಆ ಖುಷಿ ಬೇರೆ.

ಸಂಪಾದಕರೇ, ನಾನು ಹೇಳಬೇಕೆಂದಿರುವುದು ಇದನ್ನೇ. ನೋಡುವ ಮೊದಲು ಏನು ಕಾಣಬಹುದು ಎಂದು ಹೇಳಿಬಿಟ್ಟವನಿಗೆ ಟೆಸ್ಟ್ ಟ್ಯೂಬಿನಲ್ಲಿ ಏನೋ ನಡೆಯುತ್ತದೆ. ಪಟ್ಟಿ ಓದಿ ಬಂದವನಿಗೆ ಅಲ್ಲಿ ಏನೂ ನಡೆಯುವುದಿಲ್ಲ, ಅವನು ಟ್ಯೂಬನ್ನು ನೋಡುವುದೂ ಇಲ್ಲ.

ನೋಡುವುದಿಲ್ಲ ಎಂದು ಸುಮ್ಮನೆ ಹೇಳುತ್ತಿಲ್ಲ. ಒಂದು ವರ್ಷದ ಪ್ರಾಯೋಗಿಕ ಪರೀಕ್ಷೆ. ಹೊರಗಿನಿಂದ ಪರೀಕ್ಷಕರು ಬಂದಿದ್ದರು. ಮೌಖಿಕದಲ್ಲಿ ಒಬ್ಬಳು ಹುಡುಗಿಗೆ “ಫೆರಿಕ್ ಅಯಾನಿನ ಬಣ್ಣ?” ಎಂದು ಕೇಳಿದರು. ಫೆರಿಕ್ ಎಂದರೆ ಮೂರು ವಿದ್ಯುದಂಶದ ಕಬ್ಬಿಣ. ಅವಳು ತುಸು ತಡೆದು “ತಿಳಿ ನೇರಳೆ” ಎಂದಳು. ಪರೀಕ್ಷಕರು ನಕ್ಕರು. “ಹಳದಿ ಎಂದು ಪ್ರೈಮರಿ ಮಕ್ಕಳಿಗೂ ಗೊತ್ತು” ಎಂದು ಮುಂದಿನ ಪ್ರಶ್ನೆಗೆ ಹೋದರು. ಆ ಹುಡುಗಿ ಹಾಗೆ ಹೇಳಿದ್ದು ಯಾಕೆ ಎಂದು ನನಗೆ ಗೊತ್ತಿತ್ತು. ಎರಡು ದಿನ ಮೊದಲು ಸೀಸೆಗಳ ದೂಳು ಒರೆಸಲು ನನ್ನ ಜೊತೆ ನಿಂತಿದ್ದಳು. ಫೆರಿಕ್ ಆಲಂನ ಸೀಸೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, “ಅಕ್ಕ, ಇದು ಕಬ್ಬಿಣದ್ದಾ? ಲ್ಯಾವೆಂಡರ್ ಬಣ್ಣ ಇದೆಯಲ್ಲ” ಎಂದಿದ್ದಳು. ಆ ಹರಳು ಹಾಗೆಯೇ ಇರುತ್ತದೆ, ಕಂಡೂ ಕಾಣದಷ್ಟು ತೆಳುವಾದ ನೇರಳೆ. ಆರು ನೀರು ಸುತ್ತಿಕೊಂಡ ಫೆರಿಕ್ ಅಯಾನಿನ ನಿಜವಾದ ಬಣ್ಣ ಅದು. ನೀರಿಗೆ ಹಾಕಿದಾಗ ಸುತ್ತಲಿನ ನೀರಿನ ಅಣುಗಳಲ್ಲಿ ಕೆಲವು ಒಂದೊಂದು ಹೈಡ್ರೋಜನ್ ಅಯಾನನ್ನು ಕಳೆದುಕೊಂಡು ಬೇರೆಯೇ ಕೂಟವಾಗುತ್ತದೆ, ನಮಗೆ ಕಾಣುವ ಹಳದಿ, ಕಂದು ಆ ಕೂಟದ್ದು. ನೈಟ್ರಿಕ್ ಆಮ್ಲವನ್ನು ಕೆಲವು ಹನಿ ಹಾಕಿದರೆ ಹಳದಿ ಇಳಿಯುತ್ತ ಬರುವುದನ್ನು ಯಾರೂ ನೋಡಬಹುದು.

ಚೆನ್ನೆಮಣೆಯ ಲೆಕ್ಕವೂ ಆ ಹುಡುಗಿಯ ಪರವಾಗಿಯೇ ಇದೆ. ಫೆರಿಕ್‌ನಲ್ಲಿ ಐದು ಕಾಳು, ಐದು ಗುಂಡಿಯಲ್ಲಿ ಒಂದೊಂದು. ಒಂದೇ ಗುಂಡಿಯಲ್ಲಿ ಕೂರುವ ಎರಡು ಎಲೆಕ್ಟ್ರಾನ್‌ಗಳ ತಿರುಗು ಒಂದಕ್ಕೊಂದು ವಿರುದ್ಧವಾಗಿರಬೇಕು ಎಂಬುದು ನಿಯಮ. ಇಲ್ಲಿ ಐದೂ ಒಂದೇ ಕಡೆ ತಿರುಗುತ್ತಿವೆ. ಹಾರಿದವನು ದಾರಿಯಲ್ಲಿ ತಿರುಗನ್ನು ಬದಲಿಸಬೇಕು, ಬೆಳಕು ಅದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಆದ್ದರಿಂದ ಐದು ಕಾಳಿನ ಅಯಾನುಗಳು ಬಣ್ಣದಲ್ಲಿ ಬಡವರು. ಎರಡು ವಿದ್ಯುದಂಶದ ಮ್ಯಾಂಗನೀಸಿನಲ್ಲೂ ಐದೇ ಕಾಳು, ಅದರ ದ್ರಾವಣ ತೆಳು ಗುಲಾಬಿ, ತೆಳುವಾಗಿದ್ದರೆ ಬರಿಯ ನೀರಿನ ಹಾಗೆಯೇ ಕಾಣುತ್ತದೆ. ಹಾಗಿರುವಾಗ ಫೆರಿಕ್ ಮಾತ್ರ ಅಷ್ಟು ಹಳದಿ ಯಾಕೆ ಎಂಬ ಪ್ರಶ್ನೆ ಹುಟ್ಟಬೇಕಿತ್ತು. ಹುಟ್ಟದೆ ಇರುವಂತೆ ನೋಡಿಕೊಳ್ಳುವ ಕೆಲಸವನ್ನು ಪಟ್ಟಿ ಮಾಡುತ್ತದೆ.

ಅಂದು ನಾನು ಬಾಯಿ ಬಿಡಲಿಲ್ಲ. ಮೌಖಿಕ ನಡೆಯುವಾಗ ಅಟೆಂಡರ್ ಮಾತಾಡುವ ಪದ್ಧತಿ ಇಲ್ಲ. ಸೀಸೆಯನ್ನು ತಂದು ಮೇಜಿನ ಮೇಲೆ ಇಡಬಹುದಿತ್ತು, ಮಾತೇ ಬೇಕಿರಲಿಲ್ಲ. ಇಡಲಿಲ್ಲ. ನಿಮ್ಮ ಪಟ್ಟಿಯಲ್ಲಿ ‘ಫೆರಿಕ್: ಹಳದಿ’ ಎಂದು ಕಂಡಾಗ ನನಗೆ ನೆನಪಾದದ್ದು ಆ ಸೀಸೆ.

ಈಗ ನಿಯಮ ಕೈಕೊಡುವ ಜಾಗಕ್ಕೆ ಬರುತ್ತೇನೆ. ಕಾಳು ಇಲ್ಲದಿದ್ದರೆ ಬಣ್ಣವಿಲ್ಲ ಎಂದೆನಲ್ಲ, ಹಾಗಾದರೆ ಪೊಟ್ಯಾಸಿಯಂ ಪರ್ಮ್ಯಾಂಗನೇಟ್? ಅದರಲ್ಲಿರುವ ಮ್ಯಾಂಗನೀಸ್ ಏಳೂ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಬರಿಗೈಯಲ್ಲಿ ಕೂತಿದೆ, ಗುಂಡಿಗಳೆಲ್ಲ ಖಾಲಿ. ಆದರೂ ಒಂದು ಹರಳು ಒಂದು ಬಕೆಟ್ ನೀರನ್ನು ಬಣ್ಣಗೆಡಿಸುತ್ತದೆ. ಬ್ಯೂರೆಟ್ ತುಂಬಿಸುವಾಗ ಕೈಗೆ ತಾಗಿದರೆ ಉಗುರು ಕಂದಾಗಿ ವಾರಗಟ್ಟಲೆ ಹೋಗುವುದಿಲ್ಲ. ಮದುವೆಗೆ ಹೋದಾಗ ಕೈ ಸೆರಗಿನಲ್ಲಿ ಮುಚ್ಚಿಕೊಂಡದ್ದುಂಟು, ಆಮೇಲೆ ಆಕ್ಸಾಲಿಕ್ ಆಮ್ಲದ ನೀರಿನಲ್ಲಿ ಅದ್ದಿ ತೆಗೆಯುವುದನ್ನು ಕಲಿತೆ. ಇಲ್ಲಿ ಕಾಳು ಹಾರುವುದು ಮ್ಯಾಂಗನೀಸಿನ ಒಳಗೆ ಅಲ್ಲ, ಪಕ್ಕದ ಆಕ್ಸಿಜನ್‌ನ ಮನೆಯಿಂದ ಬೇಲಿ ದಾಟಿ ಮ್ಯಾಂಗನೀಸಿನ ಖಾಲಿ ಗುಂಡಿಗೆ. ಬೇಲಿ ದಾಟುವ ಈ ಹಾರಾಟಕ್ಕೆ ಬೆಳಕಿನ ಅಡ್ಡಿಯೇ ಇಲ್ಲ, ಆದ್ದರಿಂದ ಬಣ್ಣ ಅಷ್ಟು ಜೋರು. ಕ್ರೋಮೇಟಿನ ಹಳದಿ, ಡೈಕ್ರೋಮೇಟಿನ ಕಿತ್ತಳೆ ಎಲ್ಲ ಇದೇ ಜಾತಿ.

ಇನ್ನೊಂದನ್ನು ಮಳೆಗಾಲವೇ ಕಲಿಸಿತು. ತಕ್ಕಡಿಯ ಗಾಜಿನ ಪೆಟ್ಟಿಗೆಯಲ್ಲಿ ತೇವ ಹೀರಲು ನೀಲಿ ಸಿಲಿಕಾ ಜೆಲ್ ಇಡುತ್ತೇವೆ. ಜೂನ್‌ನಲ್ಲಿ ಸಂಜೆ ನೀಲಿಯಾಗಿ ಇಟ್ಟು ಹೋದದ್ದು ಬೆಳಿಗ್ಗೆ ಗುಲಾಬಿ. ಓವನ್ನಿನಲ್ಲಿ ಹುರಿದರೆ ಮತ್ತೆ ನೀಲಿ. ಅದಕ್ಕೆ ಹಚ್ಚಿರುವುದು ಕೊಬಾಲ್ಟ್. ಒಣಗಿದ್ದಾಗ ನಾಲ್ಕು ನೆರೆಯವರು, ತೇವ ಸಿಕ್ಕಿದರೆ ಆರು. ನಾಲ್ಕರ ಕೂಟದ ನೀಲಿ ಆರರ ಗುಲಾಬಿಗಿಂತ ಹಲವು ಪಟ್ಟು ದಟ್ಟ. ನಿಮ್ಮ ಪಟ್ಟಿಯಲ್ಲಿ ಕೊಬಾಲ್ಟಿಗೂ ಒಂದೇ ಬಣ್ಣ. ಉಡುಪಿಯ ಜೂನ್ ತಿಂಗಳನ್ನು ಆ ಪಟ್ಟಿ ಮಾಡಿದವರು ನೋಡಿದ ಹಾಗಿಲ್ಲ.

ಊಹೆಗೆ ಸಿಗದೆ ಬಂದ ಬಣ್ಣವೂ ಇದೆ. 2009ರಲ್ಲಿ ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮಾಸ್ ಸುಬ್ರಮಣಿಯನ್ ಅವರ ತಂಡ ವಿದ್ಯುನ್ಮಾನಕ್ಕೆ ಬೇಕಾದ ವಸ್ತುವನ್ನು ಹುಡುಕುತ್ತ ಇಟ್ರಿಯಂ, ಇಂಡಿಯಂ, ಮ್ಯಾಂಗನೀಸ್ ಆಕ್ಸೈಡುಗಳನ್ನು ಕುಲುಮೆಯಲ್ಲಿ ಕಾಯಿಸಿತು. ಹೊರಬಂದದ್ದು ಕಣ್ಣು ಕುಕ್ಕುವ ನೀಲಿ. ಯಾರೂ ಅದನ್ನು ಹುಡುಕಿರಲಿಲ್ಲ. ಆಮೇಲೆ ನೋಡಿದರೆ ಮ್ಯಾಂಗನೀಸಿನ ಸುತ್ತ ಆರೂ ಅಲ್ಲ, ನಾಲ್ಕೂ ಅಲ್ಲ, ಐದು ಆಕ್ಸಿಜನ್‌ಗಳಿದ್ದವು. ಊಹಿಸಿದ್ದಕ್ಕಿಂತ ಬೇರೆ ಕಂಡಾಗ ತಟ್ಟೆ ಬಿಸಾಡದೆ ಇಟ್ಟುಕೊಂಡು ನೋಡಿದ್ದರಿಂದ ಒಂದು ಹೊಸ ನೀಲಿ ಸಿಕ್ಕಿತು.

ಇಷ್ಟೂ ಅಯಾನುಗಳ ಮಾತಾಯಿತು. ಒಂಟಿ ಪರಮಾಣುವಿನ ಬಣ್ಣ ಬೇರೆಯೇ ಕತೆ. ಅದು ಜ್ವಾಲೆಯಲ್ಲಿ ಕಾಣುತ್ತದೆ. (ಮಾದರಿ ಪೆಟ್ಟಿಗೆಯಲ್ಲಿ ಆಕ್ಸಿಜನ್‌ಗೆ ಕೆಂಪು ಗುಂಡು, ನೈಟ್ರೋಜನ್‌ಗೆ ನೀಲಿ ಗುಂಡು ಇರುವುದರಿಂದ ಆಕ್ಸಿಜನ್ ಪರಮಾಣು ಕೆಂಪು ಎಂದು ಉತ್ತರ ಬರೆದ ಹುಡುಗನೂ ನಮ್ಮಲ್ಲಿದ್ದ. ಅವನದು ತಪ್ಪಲ್ಲ, ಅದು ಗುರುತಿಗೆ ಹಚ್ಚಿದ ಬಣ್ಣ ಎಂದು ಯಾರೂ ಹೇಳಿರಲಿಲ್ಲ.) ತಂತಿಯ ತುದಿಯನ್ನು ಆಮ್ಲದಲ್ಲಿ ಅದ್ದಿ, ಉಪ್ಪಿಗೆ ಮುಟ್ಟಿಸಿ, ಬರ್ನರಿನ ಉರಿಗೆ ಹಿಡಿದರೆ ಲಿಥಿಯಂ ಕಡುಗೆಂಪು, ಪೊಟ್ಯಾಸಿಯಂ ತೆಳುನೇರಳೆ. ನಮ್ಮಲ್ಲಿ ಬೇರೊಂದು ಸಮಸ್ಯೆ. ಮಲ್ಪೆ ಕಡಲಿನ ಗಾಳಿಗೆ ಎಲ್ಲವೂ ಉಪ್ಪು. ತಂತಿ ಎಷ್ಟು ತೊಳೆದರೂ ಮೊದಲು ಸೋಡಿಯಂನ ಹಳದಿ ಬಂದು ಉಳಿದದ್ದನ್ನೆಲ್ಲ ಮುಚ್ಚುತ್ತದೆ. ಜರ್ಮನಿಯ ವಿಜ್ಞಾನಿಗಳಾದ ಬುನ್ಸೆನ್ ಮತ್ತು ಕಿರ್ಖಾಫ್ 1860ರ ಸುಮಾರಿಗೇ ಈ ಗೋಳನ್ನು ಕಂಡಿದ್ದರು. ಒಂದು ಮಿಲಿಗ್ರಾಂನ ಮೂವತ್ತು ಲಕ್ಷದ ಒಂದು ಪಾಲಿಗಿಂತ ಕಡಿಮೆ ಸೋಡಿಯಂ ಲವಣವಿದ್ದರೂ ಬೆಳಕನ್ನು ಬಣ್ಣದ ಗೆರೆಗಳಾಗಿ ಬಿಡಿಸುವ ಅವರ ಸಾಧನಕ್ಕೆ ಹಳದಿ ಗೆರೆ ಕಾಣುತ್ತಿತ್ತು. ಅವರಿದ್ದ ಹೈಡೆಲ್‌ಬರ್ಗ್‌ಗೆ ಸಮುದ್ರವೂ ಇಲ್ಲ.

ಈ ಹಳದಿಯಿಂದಲೇ ಇನ್ನೊಂದು ಮಾತು. 1868ರ ಆಗಸ್ಟ್ 18ರಂದು ಗುಂಟೂರಿನ ಕಡೆ ಕಂಡ ಪೂರ್ಣ ಸೂರ್ಯಗ್ರಹಣದ ಸಮಯದಲ್ಲಿ ಸೂರ್ಯನ ಅಂಚಿನ ಬೆಳಕಿನಲ್ಲಿ ಹಳದಿ ಗೆರೆಯೊಂದು ಸಿಕ್ಕಿತು. ಸೋಡಿಯಂನ ಗೆರೆಗಳು 589.0 ಮತ್ತು 589.6 ನ್ಯಾನೊಮೀಟರಿನಲ್ಲಿವೆ, ಇದು 587.6ರ ಹತ್ತಿರ. ‘ಹಳದಿ ಎಂದರೆ ಸೋಡಿಯಂ’ ಎಂದು ಕನ್ನಡಿಯ ಪಕ್ಕ ಅಂಟಿಸಿಕೊಂಡವರಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದು ಹೀಲಿಯಂ. ಭೂಮಿಯ ಮೇಲೆ ರಸಾಯನವಿಜ್ಞಾನಿ ರಾಮ್ಸೆ ಅದನ್ನು ಹಿಡಿದದ್ದು 1895ರಲ್ಲಿ.

ಗೆರೆಗಳು ಎಲ್ಲಿ ಬೀಳುತ್ತವೆ ಎಂದು ಲೆಕ್ಕ ಹಾಕಿ ಹೇಳುವ ಸೂತ್ರವನ್ನು ಮೊದಲು ಕೊಟ್ಟವರು ಒಬ್ಬ ಶಾಲಾ ಮೇಷ್ಟರು, ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಹೆಣ್ಣುಮಕ್ಕಳ ಶಾಲೆಯ ಬಾಲ್ಮರ್. 1885ರಲ್ಲಿ, ಅರವತ್ತರ ವಯಸ್ಸಿನಲ್ಲಿ. ಬಾಸೆಲ್ ನಮಗೆ ಹೊಸ ಹೆಸರಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಅದೇ ಊರಿನದು. ಆ ಮಿಷನ್ನಿನ ಮೋಗ್ಲಿಂಗರೇ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ತಂದದ್ದು, ಅಂದರೆ ಈ ಪತ್ರವನ್ನು ಅಚ್ಚು ಹಾಕುವ ನಿಮ್ಮ ಕಸುಬಿಗೂ ಆ ಊರಿಗೂ ಋಣಾನುಬಂಧವಿದೆ. ಬೂದು ಬಣ್ಣದ ಜೇಡಿಮಣ್ಣನ್ನು ಸುಟ್ಟು, ಅದರೊಳಗಿನ ಕಬ್ಬಿಣ ಕೆಂಪಾಗಿ ನಮ್ಮ ಮಾಡುಗಳನ್ನೆಲ್ಲ ಕೆಂಪು ಮಾಡಿದ ಹಂಚಿನ ಕಾರ್ಖಾನೆಯೂ ಅವರದೇ.

ಬಾಲ್ಮರರ ಲೆಕ್ಕ ಹೈಡ್ರೋಜನ್‌ಗೆ ಮಾತ್ರ, ಆದರೆ ಏಳನೆಯ ತರಗತಿಯವರೂ ಮಾಡಬಹುದು. 364.56 ಎಂಬ ಸಂಖ್ಯೆ ತೆಗೆದುಕೊಳ್ಳಿ. ಒಂಬತ್ತರಿಂದ ಗುಣಿಸಿ ಐದರಿಂದ ಭಾಗಿಸಿ: 656.2, ಕೆಂಪು ಗೆರೆ. ಹದಿನಾರರಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿ: 486.1, ಹಸಿರುನೀಲಿ. ಇಪ್ಪತ್ತೈದರಿಂದ ಗುಣಿಸಿ ಇಪ್ಪತ್ತೊಂದರಿಂದ ಭಾಗಿಸಿ: 434.0, ನೇರಳೆಯತ್ತ. ಗುಣಿಸಿದ್ದು ಮೂರು, ನಾಲ್ಕು, ಐದರ ವರ್ಗ, ಭಾಗಿಸಿದ್ದು ಅದರಿಂದ ನಾಲ್ಕು ಕಳೆದದ್ದು, ಉತ್ತರ ನ್ಯಾನೊಮೀಟರಿನಲ್ಲಿ. ಅದು ಯಾಕೆ ಸರಿಬರುತ್ತದೆ ಎಂದು ಭೌತವಿಜ್ಞಾನಿ ಬೋರ್ 1913ರಲ್ಲಿ ಹೇಳುವವರೆಗೆ ಯಾರಿಗೂ ಗೊತ್ತಿರಲಿಲ್ಲ. ಊಹೆ ಮೊದಲು ಬಂತು, ಕಾರಣಕ್ಕೆ 28 ವರ್ಷ ಹಿಡಿಯಿತು.

ಪುಸ್ತಕವಿಲ್ಲದೆಯೂ ಇದು ನಡೆಯುತ್ತದೆ ಎಂಬುದಕ್ಕೆ ನನ್ನ ಅಪ್ಪಯ್ಯ ಸಾಕ್ಷಿ. ತವರು ಹೆಬ್ರಿಯ ಹತ್ತಿರ, ಅಡಕೆ ತೋಟ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸಬೇಕು. ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಎರಡನ್ನೂ ಬೇರೆ ಬೇರೆ ಕಲಸಿ ಕೂಡಿಸುವಾಗ ಅಪ್ಪಯ್ಯ ಬಣ್ಣ ನೋಡುತ್ತಿದ್ದರು. ಆಕಾಶನೀಲಿ ಬಂದರೂ ಅಷ್ಟಕ್ಕೇ ನಂಬುತ್ತಿರಲಿಲ್ಲ. ಸೊಂಟದ ಕತ್ತಿಯನ್ನು ಉಜ್ಜಿ ಹೊಳಪು ಮಾಡಿ ದ್ರಾವಣದಲ್ಲಿ ಅದ್ದಿ ಹಿಡಿಯುತ್ತಿದ್ದರು. ಅದ್ದುವ ಮೊದಲೇ, “ಕೆಂಪು ಹಿಡಿಯುತ್ತದೆ ನೋಡು, ಸುಣ್ಣ ಹಳತು” ಎನ್ನುತ್ತಿದ್ದರು. ಕತ್ತಿ ತೆಗೆದರೆ ಅಲಗಿನ ಮೇಲೆ ತಾಮ್ರದ ಕೆಂಪು ಪದರ. ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಎಲೆ ಸುಡುತ್ತದೆ ಎಂದು ಅರ್ಥ. ಇನ್ನೊಂದಿಷ್ಟು ಸುಣ್ಣದ ತಿಳಿ, ಮತ್ತೆ ಕತ್ತಿ. ಕೆಲವೊಮ್ಮೆ ಅಪ್ಪಯ್ಯನ ಊಹೆ ತಪ್ಪುತ್ತಿತ್ತು, ಅಲಗು ಬಿಳಿಯಾಗಿಯೇ ಬರುತ್ತಿತ್ತು. ಆಗ ಸುಣ್ಣದ ಅಂಗಡಿಯವನನ್ನು ಅನ್ಯಾಯವಾಗಿ ಬೈದೆ ಎಂದು ತಾವೇ ನಗುತ್ತಿದ್ದರು.

ಈಗ ನನ್ನ ಬೇಡಿಕೆ. ಮಕ್ಕಳ ಪ್ರಾಯೋಗಿಕ ಪುಸ್ತಕದಲ್ಲಿ ಮೂರು ಅಂಕಣಗಳಿವೆ: ಪ್ರಯೋಗ, ಗಮನಿಸಿದ್ದು, ತೀರ್ಮಾನ. ಗಮನಿಸಿದ್ದನ್ನು ಮನೆಯಿಂದಲೇ ಬರೆದುಕೊಂಡು ಬರುವುದನ್ನು ನಾನು 31 ವರ್ಷ ನೋಡಿದ್ದೇನೆ, ಹಿಂದಿನ ವರ್ಷದವರ ಪುಸ್ತಕ ಕೈಯಿಂದ ಕೈಗೆ ಇಳಿದು ಬರುತ್ತದೆ. ಆ ಮೂರರ ಮೊದಲ ಎರಡರ ನಡುವೆ ಇನ್ನೊಂದು ಅಂಕಣ ಬೇಕು: ‘ಏನು ಕಾಣಬಹುದು, ಯಾಕೆ’. ಅದನ್ನು ಪೆನ್ನಿನಲ್ಲಿ ತುಂಬಿ ಮೇಷ್ಟರ ಸಹಿ ಬಿದ್ದ ಮೇಲೆಯೇ ಟೆಸ್ಟ್ ಟ್ಯೂಬ್ ಕೈಗೆ ಕೊಡಬೇಕು. ಊಹೆ ತಪ್ಪಿದ್ದಕ್ಕೆ ಅಂಕ ಕಳೆಯಬಾರದು, ಯಾಕೆ ಎಂಬುದಕ್ಕೆ ಅಂಕ ಕೊಡಬೇಕು. ಪಟ್ಟಿಯಿಂದ ಊಹೆಯನ್ನೂ ಕದಿಯುತ್ತಾರೆ ಎನ್ನುವವರಿದ್ದಾರೆ. ಕದಿಯಲಿ. ತಣ್ಣೀರಿನ ಕ್ರೋಮ್ ಆಲಂ ಕೊಟ್ಟು ನೋಡಿ, ‘ಹಸಿರು’ ಎಂದು ಪೆನ್ನಿನಲ್ಲಿ ಬರೆದವನ ಕೈಯಲ್ಲಿ ನೇರಳೆ ನೀರು ಇರುತ್ತದೆ. ಆಮೇಲೆ ಅವನಿಗೆ ಬಿಸಿನೀರಿನ ಬೀಕರ್ ತೋರಿಸಿದರಾಯಿತು. ಇದಕ್ಕೆ ಹೊಸ ಕಟ್ಟಡ ಬೇಡ, ಅನುದಾನ ಬೇಡ. ಪುಸ್ತಕ ಅಚ್ಚು ಹಾಕಿಸುವವರು ಒಂದು ಗೆರೆ ಹೆಚ್ಚು ಎಳೆಯಬೇಕು.

ಸಮಯ ಸಾಲುವುದಿಲ್ಲ, ಪಾಠ ಮುಗಿಯುವುದಿಲ್ಲ ಎಂಬ ಮೇಷ್ಟರ ಕಷ್ಟ ನನಗೆ ಗೊತ್ತು. ವರ್ಷಕ್ಕೆ ನಾಲ್ಕು ಪ್ರಯೋಗಗಳಿಗಾದರೂ ಹೀಗೆ ಮಾಡಬಹುದು.

ನಿಮ್ಮ ಪುರವಣಿಯವರಿಗೂ ಒಂದು ಮಾತು. ಪಟ್ಟಿಯನ್ನು ಮತ್ತೆ ಹಾಕುವುದಿದ್ದರೆ ‘ಫೆರಿಕ್’ ಮುಂದೆ ‘ಹರಳಿನಲ್ಲಿ ತಿಳಿನೇರಳೆ, ನೀರಿನಲ್ಲಿ ಹಳದಿ’ ಎಂದು ತಿದ್ದಿ. ಕ್ರೋಮಿಯಂ, ಕೊಬಾಲ್ಟ್‌ಗಳ ಮುಂದೆ ಸುತ್ತ ಯಾರಿದ್ದಾರೆ ಎಂದೂ ಬರೆಯಿರಿ. ಬಲಗಡೆ ಒಂದು ಅಂಕಣವನ್ನು ಖಾಲಿ ಬಿಡಿ.

ಕನ್ನಡಿಯ ಪಕ್ಕದ ಪಟ್ಟಿಗೆ ಮೊಮ್ಮಗಳು ನಿನ್ನೆ ಸ್ಕೇಲ್ ಇಟ್ಟು ಅಂಥದೊಂದು ಅಂಕಣ ಎಳೆದಿದ್ದಾಳೆ. ಚೆನ್ನೆಮಣೆಯನ್ನು ಅಟ್ಟದಿಂದ ಇಳಿಸಿ, ನಿಕಲ್‌ಗೆ ಎಂಟು ಕಾಳು ಹಾಕಿ, ಎರಡು ಗುಂಡಿಗೆ ಹತ್ತಿ ತುರುಕಿ ಬಹಳ ಹೊತ್ತು ಕುಳಿತಿದ್ದಳು. ನಿಕಲ್ ದ್ರಾವಣ ಹಸಿರು. ಅದಕ್ಕೆ ಅಮೋನಿಯ ಹಾಕಿದರೆ ಏನಾಗಬಹುದು ಎಂದು ಮಾತ್ರ ಕೇಳಿದ್ದೆ, ಅದು ಪಟ್ಟಿಯಲ್ಲಿಲ್ಲ. “ನೀಲಿಯ ಕಡೆಗೆ ಹೋಗುತ್ತದೆ, ಹತ್ತಿ ಹೆಚ್ಚಾಗುತ್ತದಲ್ಲ” ಎಂದು ಪೆನ್ನಿನಲ್ಲೇ ಬರೆದಿದ್ದಾಳೆ. ಸರಿಯಾ ಅಜ್ಜಿ ಎಂದು ಎರಡು ಸಲ ಕೇಳಿದಳು. ನಾನು ಹೇಳಲಿಲ್ಲ. ಸೋಮವಾರ ಅವರಿಗೆ ಪ್ರಾಯೋಗಿಕ ತರಗತಿ ಇದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ಸಹಾಯಕಿ
ಕುಂಜಿಬೆಟ್ಟು, ಉಡುಪಿ